ಉರಿಯಿಲ್ಲದ ಉನ್ಹಾಳಿ

೨೦೧೯ನೆಯ ಇಸವಿ ಜನವರಿ ಐದು, ಶನಿವಾರ, ಎಳ್ಳಮಾವಾಸ್ಯೆ, ಹೇಮಂತ ಋತು. ಬಿಸಿಲು ಏರಿದ್ದರೂ ಚಳಿ ಬಿಟ್ಟಿರಲಿಲ್ಲ. ಕಡಲೆಯ ಗಿಡಗಳ ಮೇಲೆ ಇಬ್ಬನಿ ಇನ್ನೂ ಹಾಗೆಯೇ ಇತ್ತು. ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿಕೊಂಡು ಹೊಲದಲ್ಲಿ ಕುಳಿತು ಭಜ್ಜಿ, ರೊಟ್ಟಿ, ಅಂಬಲಿಗಳನ್ನು ಸೇವಿಸುತ್ತಿದ್ದ ಆ ಹೊತ್ತಿನಲ್ಲಿ, ಉಮರ್ಗಾ ಬಸ್ ನಿಲ್ದಾಣದ ಧ್ವನಿವರ್ಧಕಕ್ಕೆ ಒಡೆಯರಾದ ಮಾಣಿಕಪ್ಪನವರು ಜೋಳದ ಬೆಳೆಯ ಮರೆಗೆ ಹೋಗಿ, ಕಂಬಳಿ ಹೊದ್ದುಕೊಂಡೇ ಮರಳಿ ಬಂದು, ತಮಗೆ ಬೇಸಿಗೆ ತಗುಲಿದೆ ಎಂಬ ತೀರ್ಮಾನಕ್ಕೆ ಬಂದರು.

ಕಾರಣವಿಷ್ಟೇ: ಮೂತ್ರ ಕೆಂಪಗೆ ಹೋಗಿತ್ತು.

ಈ ಗಡಿಯ ಊರುಗಳಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ರೋಗಗಳು ಮಾತ್ರ ತಮಗೆ ಅನುಕೂಲವಾದ ಭಾಷೆಯನ್ನು ಆರಿಸಿಕೊಳ್ಳುತ್ತವೆ. ಮರಾಠಿಯಲ್ಲಿ ಉನ್ಹಾಳಾ ಎಂದರೆ ಬೇಸಿಗೆ. ಬಿಸಿಲಿನಲ್ಲಿ ತಿರುಗಿ, ನೀರು ಕುಡಿಯದೆ, ಮೂತ್ರಕ್ಕೆ ಹೋದಾಗ ಉರಿದರೆ ಅದು ಉನ್ಹಾಳಿ. ಕನ್ನಡದಲ್ಲಿ ಇದಕ್ಕೆ ಉರಿಮೂತ ಎಂಬ ನೆಟ್ಟಗಿನ ಮಾತಿದೆ. ಆದರೆ ಅದರೊಳಗೆ ಮೂತ ಇರುವುದರಿಂದ ಮರ್ಯಾದಸ್ಥರು ಅದನ್ನು ಆಡುವುದಿಲ್ಲ. ಉನ್ಹಾಳಿ ಎಂದರೆ ಋತುವಿನ ಹೆಸರು ಹೇಳಿದಂತೆ. ಹೆಂಗಸರ ಮುಂದೆಯೂ ನಡೆಯುತ್ತದೆ. ಉನ್ಹಾಳಿ ಬಂದಾಗ ‘ಲಾಗಲೀ’ ಎನ್ನುತ್ತಾರೆ, ಅಂದರೆ ಹತ್ತಿತು. ನಿಲ್ದಾಣದ ಫಲಾಟಿಗೆ, ಅಂದರೆ ಪ್ಲಾಟ್‌ಫಾರ್ಮಿಗೆ, ಬಸ್ಸು ಬಂದು ನಿಂತಾಗಲೂ ‘ಲಾಗಲೀ’ ಎಂದೇ ಸಾರುತ್ತಾರೆ. ಈ ಒಂದು ಕ್ರಿಯಾಪದವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಮಾಣಿಕಪ್ಪನವರಿಗೆ ಉರಿ ಇರಲಿಲ್ಲ, ನೋವೂ ಇರಲಿಲ್ಲ. ಕೆಂಪು ಮಾತ್ರ ಇತ್ತು. ಅದು ಮೂತ್ರಾಶಯದ ಕ್ಯಾನ್ಸರು ಎಂಬುದು ಮುಂದೆ ತಿಳಿದುಬಂತು. ಆ ರೋಗ ಮೂತ್ರದ ಚೀಲದ ಒಳಪದರದಲ್ಲಿ ಇರುವಾಗಲೇ ಸಿಕ್ಕರೆ ಕೆರೆದು ತೆಗೆಯಬಹುದು. ಸ್ನಾಯುವಿನ ಗೋಡೆಯೊಳಕ್ಕೆ ಇಳಿದರೆ ಸಾಮಾನ್ಯವಾಗಿ ಚೀಲವನ್ನೇ ತೆಗೆಯಬೇಕಾಗುತ್ತದೆ, ಕೆಲವು ಸಲ ಚೀಲದ ಹಿಂದೆ ಮನುಷ್ಯನೂ ಹೋಗುತ್ತಾನೆ. ಆದ್ದರಿಂದ ಮಾಣಿಕಪ್ಪನವರು ಬಾಯಿ ಬಿಡುವುದು ಮೊದಲೋ, ರೋಗ ಗೋಡೆಗೆ ಇಳಿಯುವುದು ಮೊದಲೋ ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಬಾಯಿಯೇ ಬಂಡವಾಳವಾಗಿದ್ದವರು ಬಾಯಿ ಬಿಡಲಿಲ್ಲ.

ಅವರ ಪೂರ್ವ ವೃತ್ತಾಂತವನ್ನು ಇಲ್ಲಿಯೇ ಹೇಳಿಬಿಡುವುದು ಸರಿ. ಹುಟ್ಟಿದ್ದು ನಿಲಂಗಾ ತಾಲೂಕಿನ ಒಂದು ಹಳ್ಳಿಯಲ್ಲಿ, ಶಾಲೆಯ ದಾಖಲೆಯಂತೆ ೧೯೬೧ನೆಯ ಇಸವಿ ಜೂನ್ ಒಂದರಂದು. ಶಾಲೆ ಜೂನಿನಲ್ಲಿ ತೆರೆಯುತ್ತಿದ್ದುದರಿಂದ ಆ ಕಾಲದ ಗುರುಗಳು ಇಡೀ ತರಗತಿಯನ್ನು ಜೂನ್ ಒಂದರಂದೇ ಹುಟ್ಟಿಸಿಬಿಡುತ್ತಿದ್ದರು. ಜೋಳದ ರಾಶಿಯ ಕಾಲದಲ್ಲಿ ಹೆತ್ತೆನೆಂದು ತಾಯಿ ಹೇಳುತ್ತಿದ್ದರಂತೆ. ತಾಯಿಯ ಸಾಕ್ಷ್ಯವನ್ನು ಯಾವ ಕಚೇರಿ ಒಪ್ಪೀತು? ೧೯೮೪ರಲ್ಲಿ ಉಮರ್ಗಾದಲ್ಲಿ ಬಸ್ಸು ತೊಳೆಯುವ ಕೆಲಸಕ್ಕೆ ಸೇರಿದರು. ೧೯೯೩ನೆಯ ಇಸವಿ ಸೆಪ್ಟೆಂಬರ್ ಮೂವತ್ತು, ಗುರುವಾರ, ಬೆಳಗಾಗುವ ಮುನ್ನ ಭೂಮಿ ನಡುಗಿತು. ಆ ದಿನ ಬಂಧುಗಳನ್ನು ಹುಡುಕುತ್ತ ಬಂದವರಿಂದ ನಿಲ್ದಾಣ ತುಂಬಿತು. ಮೈಕಿನ ಮುಂದೆ ಕುಳಿತವರೆಲ್ಲ ಹೆಸರು ಓದುತ್ತ ಓದುತ್ತ ಅಳತೊಡಗಿದಾಗ, ಬಕೆಟ್ಟು ಬದಿಗಿಟ್ಟು ಮಾಣಿಕಪ್ಪನವರು ಕುಳಿತರು. ಅವರ ಧ್ವನಿ ನಡುಗಲಿಲ್ಲ. ವಾರವಿಡೀ, ಮರಾಠಿಯಲ್ಲೊಮ್ಮೆ ಕನ್ನಡದಲ್ಲೊಮ್ಮೆ, ಕೂಗಿದ ಹೆಸರಿಗೆ ಯಾರಾದರೂ ಓಗೊಡುವವರೆಗೆ ಕೂಗಿದರು. ಆ ಕೆಲಸದ ಬಗ್ಗೆ ವ್ಯಂಗ್ಯವಾಡಲು ಯಾರಿಗೂ ಅಧಿಕಾರವಿಲ್ಲ. ಮುಂದಿನ ಇಪ್ಪತ್ತೈದು ವರ್ಷ ಅವರು ಅದೇ ಗಾಂಭೀರ್ಯದಿಂದ ‘ಲೋಹಾರಾ ಬಸ್ ಫಲಾಟ ಕ್ರಮಾಂಕ ದೋನವರ ಲಾಗಲೀ ಆಹೇ’ ಎಂದು, ಅಂದರೆ ಲೋಹಾರಾ ಬಸ್ಸು ಎರಡನೆಯ ಫಲಾಟಿಗೆ ಹತ್ತಿದೆ ಎಂದು, ಸಾರುತ್ತ ಬಂದದ್ದರ ಬಗ್ಗೆ ಮಾತ್ರ ಅಧಿಕಾರವಿದೆ.

ಅವರ ಕೆಲಸದ ಪದ್ಧತಿ ಹೀಗೆ. ಪಕ್ಕದ ಕುರ್ಚಿಯ ನಿಯಂತ್ರಕ ಧನರಾಜ ಒಂದು ಚೀಟಿ ಬರೆದುಕೊಡುವನು. ಅದನ್ನು ಎಷ್ಟು ಸಲ ಓದಬೇಕು, ಯಾವಾಗ ಹರಿದೊಗೆಯಬೇಕು ಎಂಬುದು ಮಾಣಿಕಪ್ಪನವರ ಚಿತ್ತ. ಹುಟ್ಟೂರಿನ ಕಡೆಯ ಬಸ್ಸಾದ್ದರಿಂದ ನಿಲಂಗಾದ ಚೀಟಿಗೆ ದೀರ್ಘಾಯುಷ್ಯ. ದೇವಣಿಯಲ್ಲಿ ತಮಗೆ ಯಾರೋ ಬಿಸಿಯಿಲ್ಲದ ಚಹಾ ಕೊಟ್ಟಿದ್ದರೆಂಬ ಕಾರಣಕ್ಕೆ ಆ ಊರಿನ ಚೀಟಿಗೆ ಅಲ್ಪಾಯುಷ್ಯ. ಮೈಕು ಚಾಲೂ ಇರುವಾಗ ಮೇಜಿನ ಮೇಲೆ ಒಂದು ಕೆಂಪು ದೀಪ ಉರಿಯುತ್ತಿತ್ತು. ಅದು ಕಣ್ಣಿಗೆ ಚುಚ್ಚುತ್ತದೆಂದು ಮಾಣಿಕಪ್ಪನವರು ತಮ್ಮ ಬೀಡಿಕಟ್ಟನ್ನು ಅದರ ಮೇಲೆಯೇ ಇಡುತ್ತಿದ್ದರು. ಬೀಡಿ ಅವರಿಗೆ ಹದಿನೆಂಟನೆಯ ವಯಸ್ಸಿನಿಂದ ಜೊತೆಗಾರ.

ಎಳ್ಳಮಾವಾಸ್ಯೆಯ ಕೆಂಪು ಜನವರಿ ಏಳರಂದು ತಾನಾಗಿ ನಿಂತಿತು. ಅಷ್ಟರಲ್ಲಿ ನೆರೆಮನೆಯ ರಂಭಾಬಾಯಿ ಸಬ್ಜಾ ಬೀಜ ನೆನೆಸಿದ ನೀರು ಕೊಟ್ಟಿದ್ದರು; ಕೀರ್ತಿ ಅವರಿಗೆ ಹೋಯಿತು. ಫೆಬ್ರುವರಿ ಒಂಬತ್ತರಂದು ಕೆಂಪು ಮತ್ತೆ ಬಂತು. ನಿಲ್ದಾಣದ ಕ್ಯಾಂಟೀನಿನ ಶಿವರಾಯ ವಿಚಾರಣೆ ನಡೆಸಿದನು.

“ಉನ್ಹಾಳಿ ಲಾಗ್ಯದ ಅಂತೀರಿ. ಗಜ್ಜರಿ ಹಲ್ವಾ ತಿಂದಿದ್ರೇನು?”

“ತಿಂದೀನಪ್ಪ. ನಿನ್ನ ಕಡೀದೇ ತಿಂದೀನಿ.”

“ಹಂಗಾದ್ರ ಹಲ್ವಾದಲ್ಲ ಬಿಡ್ರಿ. ನೆಗ್ಗಿಲ ಮುಳ್ಳಿನ ಕಷಾಯ ಕುಡೀರಿ, ಸರಳ ಆಗ್ತದ.”

ಕುಡಿದರು, ನಿಂತಿತು. ಈ ರೋಗದ ರಕ್ತ ಬರುವುದೂ ಹೋಗುವುದೂ ಅದರದೇ ಇಚ್ಛೆ. ನಡುವೆ ಯಾರು ಕಷಾಯ ಹಿಡಿದು ನಿಂತಿರುತ್ತಾರೋ ಅವರೇ ಧನ್ವಂತರಿ. ಫೆಬ್ರುವರಿ ಇಪ್ಪತ್ತನಾಲ್ಕರಂದು ಮೂರನೆಯ ಸಲ ಬಂದಾಗ ಅವರು ಒಬ್ಬ ವೈದ್ಯರ ಬಳಿಗೂ ಹೋದರು. ಉಮರ್ಗಾದವರು ಗುರುತಿಸಿಯಾರೆಂದು ನಿಲಂಗಾಕ್ಕೆ ಹೋಗಿ, ವೈದ್ಯರ ಮುಂದೆ ಕುಳಿತು, “ಉನ್ಹಾಳಿ” ಎಂದು ಪಿಸುಗುಟ್ಟಿ, ಕೆಂಪಿನ ವಿಚಾರವನ್ನು ಪೂರ್ತಿ ಬಿಟ್ಟುಬಿಟ್ಟರು. ವೈದ್ಯರು ಕೇಳಿಸಿಕೊಂಡ ರೋಗಕ್ಕೆ ಸರಿಯಾದ ಗುಳಿಗೆ ಕೊಟ್ಟರು. ಅದು ಉರಿ ತಗ್ಗಿಸುವ, ಮೂತ್ರಕ್ಕೆ ಕಿತ್ತಳೆ ಬಣ್ಣ ಬರಿಸುವ ಗುಳಿಗೆ. ಮರುದಿನ ಮಾಣಿಕಪ್ಪನವರ ಸಂತೋಷಕ್ಕೆ ಪಾರವಿರಲಿಲ್ಲ. ಕೆಂಪು ಕಿತ್ತಳೆಯಾಗಿದೆ, ಹಳದಿಯಾಗಲು ಇನ್ನೊಂದೇ ನಿಲುಗಡೆ ಉಳಿದಿದೆ!

ಹೆಂಡತಿ ಕಸ್ತೂರಬಾಯಿಯವರಿಗೂ ಉನ್ಹಾಳಿ ಎಂದಷ್ಟೇ ಗೊತ್ತು. ಮೂರು ಹೊತ್ತು ಧನಿಯಾ ನೀರು ಕೊಟ್ಟರು. ಉರಿ ಇದೆಯೇ ಎಂದು ರಂಭಾಬಾಯಿ ಕೇಳಲಿಲ್ಲ, ಶಿವರಾಯ ಕೇಳಲಿಲ್ಲ, ಕಸ್ತೂರಬಾಯಿ ಕೇಳಲಿಲ್ಲ. ಉನ್ಹಾಳಿ ಎಂದ ಮೇಲೆ ಉರಿ ಇದ್ದೇ ಇರುತ್ತದಲ್ಲ.

ಮಾರ್ಚ್ ನಾಲ್ಕು, ಸೋಮವಾರ, ಶಿವರಾತ್ರಿ. ಮಾಣಿಕಪ್ಪನವರ ಅಣ್ಣ, ಉದಗೀರದ ಮಹಾದೇವಪ್ಪನವರ ಮಗಳು ಮೀನಲ ಹಬ್ಬಕ್ಕೆ ಬಂದಿದ್ದಳು. ಹೈದರಾಬಾದಿನ ಒಂದು ಸಂಶೋಧನಾಲಯದಲ್ಲಿ ಅವಳದು ಡಾಕ್ಟರೇಟಿನ ಓದು. ಪೂಜೆ ಮುಗಿಸಿ, ಸಾಬೂದಾಣಿ ಖಿಚಡಿಯ ತಟ್ಟೆ ಹಿಡಿದು, ಮಾಣಿಕಪ್ಪನವರು ಲೋಕಾಭಿರಾಮಕ್ಕೆ ಕೇಳಿದರು:

“ಹೈದರಾಬಾದದಾಗ ಏನ್ ಓದ್ಲಿಕ್ಕತ್ತಿದಿ ನನ್ನವ್ವಾ?”

“ಪ್ರೋಟೀನ್ ಮ್ಯಾಲ ಕಾಕಾ. ಆರ್‌ಎನ್‌ಎಕ್ಕ ಅಂಟ್ಕೊಳ್ಳೋ ಪ್ರೋಟೀನ್.”

“ಪ್ರೋಟೀನ್ ಅಂದ್ರ ತತ್ತಿ. ಇವತ್ತ ಉಪವಾಸ ಅದ, ತತ್ತಿ ಮಾತ ಬ್ಯಾಡ.”

“ತತ್ತಿ ಅಲ್ರೀ ಕಾಕಾ! ನಿಮ್ಮ ಡಿಪೋದಾಗ ಎಲ್ಲಾ ಗಾಡಿ ವೇಳಾಪತ್ರಕ ಅಲಮಾರಿದಾಗ ಕೀಲಿ ಹಾಕಿ ಇಟ್ಟಿರ್ತಾರ, ಹೌದಿಲ್ರೀ? ಮೈಯಾಗಿನ ಒಂದೊಂದು ಕಣದಾಗೂ ಹಂಗೊಂದು ಅಲಮಾರಿ. ಅದು ಡಿಎನ್‌ಎ. ಆ ಹೊತ್ತಿಗಿ ಬೇಕಾದ ಒಂದ ಸಾಲು ಚೀಟಿ ಮಾಡಿ ಹೊರಗ ಕಳಸ್ತದ. ಚೀಟಿ ಆರ್‌ಎನ್‌ಎ. ಚೀಟಿ ಬಂತಂದ್ರ ಆಯ್ತೇನು? ಯಾರರ ಹಿಡೀಬೇಕು. ಎಷ್ಟ ಸಲ ಓದಬೇಕು, ಯಾವಾಗ ಹರೀಬೇಕು, ನೋಡಬೇಕು. ಅಂಟ್ಕೊಳ್ಳೋ ಪ್ರೋಟೀನಿಂದು ಅದೇ ಕೆಲಸ. ಅಂದ್ರ ನಿಮ್ಮದೇ ನೌಕರಿ.”

ಮಾಣಿಕಪ್ಪನವರು ತಟ್ಟೆ ಕೆಳಗಿಟ್ಟರು. ತಮ್ಮ ಹುದ್ದೆ ಮನುಷ್ಯನ ಕಣಕಣದಲ್ಲಿಯೂ ಮಂಜೂರಾಗಿದೆ ಎಂಬ ಸುದ್ದಿ ಅವರಿಗೆ ಶಿವರಾತ್ರಿಯ ಪ್ರಸಾದದಂತೆ ದಕ್ಕಿತು.

“ಕೇಳ್ದೇನ ಕಸ್ತೂರಿ? ನಾ ಇಲ್ಲಂದ್ರ ಮೈ ನಡ್ಯಾಂಗಿಲ್ಲಂತ. ಎದರ ಸಲುವಾಗಿ ನೋಡ್ತಾರವ್ವಾ ಇದನ್ನೆಲ್ಲ?”

“ಮೂತ್ರಾಶಯದ ಕ್ಯಾನ್ಸರಿನ ಸಲುವಾಗಿ ಕಾಕಾ. ಅದರ ಮೊದಲನೇ ಗುರ್ತು ಏನಂದ್ರ—”

“ಬಸ್ ಬಸ್!” ಮಾಣಿಕಪ್ಪನವರು ಕೈಯೆತ್ತಿದರು. “ದೇವರ ಮುಂದ ದೀಪ ಉರೀಲಿಕ್ಕತ್ಯದ, ಮೂತ್ರದ ಮಾತ ಆಡ್ತೀಯಲ್ಲ? ಅಣ್ಣ ಇದನ್ನೇ ಕಲಿಲಿ ಅಂತ ಕಳಿಸ್ಯಾನೇನು?”

ಮೀನಲ ನಕ್ಕು ಖಿಚಡಿಗೆ ಕೈ ಹಾಕಿದಳು. ‘ನೋವಿಲ್ಲದೆ ಕೆಂಪು’ ಎಂಬ ಎರಡು ಪದಗಳು ಅವಳ ಬಾಯಲ್ಲಿಯೇ ಉಳಿದವು. ಜಗತ್ತಿನಲ್ಲಿ ಎಷ್ಟೋ ಜನ ಇಂಥ ಮಾತಿಗಾಗಿ ಪೇಟೆ ಪೇಟೆ ಅಲೆಯುತ್ತಾರೆ. ಮಾಣಿಕಪ್ಪನವರ ಮನೆಗೆ ಅದು ತಾನಾಗಿ ನಡೆದು ಬಂದು, ಖಿಚಡಿ ತಿಂದು, ಬೈಸಿಕೊಂಡು ಕುಳಿತಿತು.

ಮಾರ್ಚ್ ಆರು, ಬುಧವಾರ. ಮೀನಲ ಹೈದರಾಬಾದಿಗೆ ಹೊರಟಳು. ಕಿಟಕಿಯ ಬಳಿಯ ಆಸನಕ್ಕೆ ಮಾಣಿಕಪ್ಪನವರೇ ಕರವಸ್ತ್ರ ಹಾಕಿ ಹಿಡಿದುಕೊಟ್ಟು, ಬಂದು ತಮ್ಮ ಕುರ್ಚಿಯಲ್ಲಿ ಕುಳಿತು, ಉದಗೀರದ ಚೀಟಿ ಓದಿ, ಎಂದಿನಂತೆ ಬೀಡಿಕಟ್ಟನ್ನು ದೀಪದ ಮೇಲಿಟ್ಟರು. ಮೈಕು ಬಂದ್ ಮಾಡುವ ಗುಂಡಿ ಒತ್ತುವುದನ್ನು ಮರೆತರು. ಧನರಾಜ ಮರಾಠಿಯವನಾದರೂ ಇವರ ಸಹವಾಸದಲ್ಲಿ ಕನ್ನಡ ಕಲಿತಿದ್ದನು.

“ಮಾಣಿಕಣ್ಣಾ, ಸಾರಖಾ ಸಾರಖಾ, ಮತ್ತ ಮತ್ತ ಎದ್ದು ಹೋಗ್ತೀರಲ್ಲ. ಕಾಯ ಝಾಲಂ, ಏನಾಯ್ತು?”

ವಿಷಯ ನಾಜೂಕಾದ್ದರಿಂದ ಮಾಣಿಕಪ್ಪನವರು ಮರಾಠಿಯನ್ನೇ ಆರಿಸಿಕೊಂಡರು. ಇಪ್ಪತ್ತೈದು ವರ್ಷದ ಅಭ್ಯಾಸವಾದ್ದರಿಂದ ವಾಕ್ಯ ಸಾರುವ ಧಾಟಿಯಲ್ಲಿಯೇ ಹೊರಟಿತು: “ಉನ್ಹಾಳೀ ಲಾಗಲೀ ಆಹೇ.”

ನಿಲ್ದಾಣದ ನಾಲ್ಕೂ ಕೊಂಬುಗಳು ಅದನ್ನು ಸ್ಪಷ್ಟವಾಗಿ ಸಾರಿದವು. ಹೊರಗೆ ಗಂಟುಮೂಟೆಗಳು ಎದ್ದು ನಿಂತವು. ಒಳಗೆ ಮಾಣಿಕಪ್ಪನವರು ಕನ್ನಡಕ್ಕೆ ಇಳಿದು ಮುಂದುವರಿಸಿದರು.

“ಎಳ್ಳಮಾಸಿಯಿಂದ ಹಿಂಗೇ. ಕುಂಕುಮ ನೀರಾಗ ಕಲಸಿದಂಗ ಕೆಂಪ ಹೋಗ್ತದ. ಉರಿ ಗಿರಿ ಏನೂ ಇಲ್ಲ ನೋಡು. ಮೇ ಮೂವತ್ತೊಂದಕ್ಕ ರಿಟಾಯರ್ ಆಗ್ತೀನಿ, ಸತ್ಕಾರ ಮುಗೀಲಿ, ಆಮ್ಯಾಲ ದೊಡ್ಡ ಡಾಕ್ಟರಗ ತೋರಸ್ತೀನಿ. ನಮ್ಮ ಕಸ್ತೂರಿಗಿ ಮಾತ್ರ ಹೇಳಬ್ಯಾಡಪ್ಪ. ಊರಿಗೆಲ್ಲ ಸಾರ್ತಾಳ.”

ಅಷ್ಟರಲ್ಲಿ ಗವಾಕ್ಷಿಯಲ್ಲಿ ಒಂದು ಮುಖ ಕಾಣಿಸಿತು. ಅದು ಸಂತೆಗೆ ಬಂದಿದ್ದ ಪ್ರಯಾಗಬಾಯಿ ಎಂಬ ಮುದುಕಿಯದು. ಕಿವಿ ತುಸು ಮಂದ.

“ಏ ತಮ್ಮಾ, ಉನ್ಹಾಳಿ ಗಾಡಿ ಯಾವ ಫಲಾಟಿಗಿ ಲಾಗ್ಯದೋ? ಮೂರೂ ನೋಡಿ ಬಂದೆ, ಇಲ್ಲ.”

“ಯಾವ ಉನ್ಹಾಳಿ ಅವ್ವಾ?”

“ಈಗ ನೀನೇ ಅಂದ್ಯಲ್ಲೋ! ಲೋಹಾರಾ ಮ್ಯಾಲ ಹೋಗ್ತದೇನು?”

“ಅದು ನಾನ್‌ಸ್ಟಾಪ್ ಗಾಡಿ ಅದ ಆಯಿ, ಎಲ್ಲೂ ನಿಂದ್ರಾಂಗಿಲ್ಲ!” ಎಂದು ಹಿಂದಿನಿಂದ ಯಾರೋ ಕೂಗಿದರು. ನಗೆ ಫಲಾಟಿನಿಂದ ಫಲಾಟಿಗೆ ಹಬ್ಬಿತು. ಧನರಾಜ ಮೆಲ್ಲಗೆ ಬೀಡಿಕಟ್ಟನ್ನು ಎತ್ತಿದನು. ಕೆಳಗೆ ದೀಪ ಕೆಂಪಗೆ ಉರಿಯುತ್ತಿತ್ತು.

ಎಲ್ಲರೂ ನಗುತ್ತಿದ್ದಾಗ ಹೈದರಾಬಾದಿನ ಬಸ್ಸಿನಿಂದ ಒಬ್ಬಳು ಚೀಲ ಸಮೇತ ಇಳಿದಳು. ಮೀನಲ ಗವಾಕ್ಷಿಗೆ ಬಂದಾಗ ಅವಳ ಮುಖದಲ್ಲಿ ನಗೆ ಇರಲಿಲ್ಲ.

“ಉರಿ ಇಲ್ಲೇನ್ರಿ ಕಾಕಾ?”

“ನಿನ್ನ ಗಾಡಿ ಹೋಗ್ತದವ್ವಾ, ಹೋಗು.”

“ಹೋಗ್ಲಿ. ನೋವು ಅದೇನ್ರಿ?”

“ಇಲ್ಲ. ಅದೇ ಛಲೋ ಅಲ್ಲೇನು?”

“ಉರಿ ಇಲ್ದ ಉನ್ಹಾಳಿ ಯಾವುದ್ರಿ ಕಾಕಾ? ಬಿಸಲಿಲ್ದ ಬ್ಯಾಸಿಗಿ? ಮೊನ್ನೆ ನಾ ಹೇಳಬೇಕಂದಿದ್ದು ಇದೇ. ನೋವಿಲ್ದ ಕೆಂಪ ಹೋಗೋದೇ ಮೊದಲನೇ ಗುರ್ತು.”

“ಮೈಕ್ ಬಂದ್ ಮಾಡೋ ಧನರಾಜ!”

“ಬಂದ್ ಮಾಡಿ ಏನ್ ಮಾಡ್ತೀರಿ? ಡ್ರೈವರಗೂ ಗೊತ್ತಾಗ್ಯದ.”

ಇಂದೇ ಹೈದರಾಬಾದಿನ ಆಸ್ಪತ್ರೆಗೆ ನಡೆಯಿರೆಂದು ಮೀನಲ ಹಟ ಹಿಡಿದಳು; ಮಾಣಿಕಪ್ಪನವರು ಮೇ ಮೂವತ್ತೊಂದನ್ನು ಹಿಡಿದುಕೊಂಡು ಕುಳಿತರು. ಸತ್ಕಾರಕ್ಕೆ ತಲೆಗೆ ಸುತ್ತುವ ಫೇಟಾ ಹೇಳಿಟ್ಟಿದೆ. ಮೂರು ತಿಂಗಳಲ್ಲಿ ಏನು ಕೆಡುತ್ತದೆ. ಉನ್ಹಾಳಿಗೆ ಯಾರಾದರೂ ಹೈದರಾಬಾದಿಗೆ ಹೋಗುತ್ತಾರೆಯೇ. ಈ ವಾದ ನಡೆಯುತ್ತಿರುವಾಗ ಕಸ್ತೂರಬಾಯಿ ಬಂದರು. ನಿಲ್ದಾಣದ ಗೋಡೆಯಾಚೆಗೆ ಬಾಜಾರು. ಕೊತ್ತಂಬರಿ ಕಟ್ಟು ಆರಿಸುತ್ತಿದ್ದವರು ಎಲ್ಲವನ್ನೂ ಕೇಳಿದ್ದರು. ಅವರು ಕೂಗಾಡಲಿಲ್ಲ.

“ಇಪ್ಪತ್ತೈದ ವರ್ಷ ಊರಿಗೆಲ್ಲ ಸಾರಿದ್ರಿ,” ಎಂದರು. “ಮನಿಗಿ ಒಂದ ಮಾತ ಸಾರಲಿಲ್ಲ. ಏಳ್ರಿ ಈಗ.”

ಸತ್ಕಾರದ ಫೇಟಾಕ್ಕಿಂತ ಈ ಮಾತು ಭಾರವಾಗಿತ್ತೆಂದು ತೋರುತ್ತದೆ. ಮಧ್ಯಾಹ್ನದ ಹೈದರಾಬಾದ್ ಬಸ್ಸು ಲಾಗಿದೆ ಎಂಬುದನ್ನು ಮಾಣಿಕಪ್ಪನವರೇ ಎರಡು ಭಾಷೆಗಳಲ್ಲಿ ಸಾರಿದರು. ಗುಂಡಿ ಒತ್ತಿ ಮೈಕು ಬಂದ್ ಮಾಡಿದರು. ಎದ್ದು ಹೋಗಿ ಅದೇ ಬಸ್ಸನ್ನು ಹತ್ತಿದರು.

ಹೈದರಾಬಾದಿನಲ್ಲಿ ದುರ್ಬೀನು ಒಳಗಿಳಿಸಿ ನೋಡಿದಾಗ ಚೀಲದ ಒಳಗೋಡೆಯಲ್ಲಿ ಹೂಕೋಸಿನಂಥ ಒಂದು ಗಂಟು ಕಂಡಿತು. ಬೀಡಿ ಸೇದುತ್ತೀರಾ ಎಂದು ವೈದ್ಯರು ಕೇಳಿದರು. ಹೊಗೆ ಎದೆಗೆ ಹೋಗುತ್ತದೆ, ಅಲ್ಲಿಗೆ ಹೇಗೆ ಹೋಯಿತು ಎಂದು ಮಾಣಿಕಪ್ಪನವರು ಜಗಳಕ್ಕೆ ನಿಂತರು. ಹೊಗೆಯ ವಿಷ ರಕ್ತಕ್ಕೆ ಸೇರುತ್ತದೆ, ಮೂತ್ರಪಿಂಡ ಅದನ್ನು ಸೋಸಿ ಚೀಲಕ್ಕೆ ಬಿಡುತ್ತದೆ, ಅಲ್ಲಿ ಅದು ತಂಗುತ್ತದೆ ಎಂದು ವೈದ್ಯರು ತಿಳಿಸಿದರು. ಎದೆಯ ಫಲಾಟಿಗೆ ಬಂದ ಗಾಡಿ ಮುಂದಿನ ಊರಿಗೂ ಹೋಗುತ್ತದೆಂಬುದು ನಿಲ್ದಾಣದ ನೌಕರನಿಗೆ ಹೊಳೆದಿರಲಿಲ್ಲ.

ಮಾರ್ಚ್ ಹನ್ನೆರಡು, ಶಸ್ತ್ರಚಿಕಿತ್ಸೆಯ ಹಿಂದಿನ ದಿನ, ಮೀನಲ ಹಾಸಿಗೆಯ ಬಳಿ ಬಂದು, ಗಂಟಿನ ಒಂದು ಚೂರನ್ನು ತಮ್ಮ ಸಂಶೋಧನೆಗೆ ಕೊಡುವಿರಾ ಎಂದು ಕೇಳಿದಳು.

“ಅಂದ್ರ ನನ್ನ ಹೊಟ್ಟಿಯಾಗ ಇನ್ನೊಬ್ಬ ಮಾಣಿಕಪ್ಪ ಕುಂತು ಒದರ್ಲಿಕ್ಕತ್ತ್ಯಾನ ಅಂತೀ?”

“ಒಬ್ಬ ಅಲ್ರಿ, ನೂರಾರು ಮಂದಿ. ಬಹಳ ಮಂದಿ ಛಲೋನೇ ಅದಾರ. ಕೆಲವರು ಮಾತ್ರ ತಲಿ ಕೆಟ್ಟಾರ. ‘ಬೆಳೀರಿ’ ಅನ್ನೋ ಚೀಟಿ ಒಂದ ಸಲ ಓದಿ ಹರೀಬೇಕು. ಹರ್ಯಾಂಗಿಲ್ಲ, ಓದಿದ್ದೇ ಓದಿದ್ದು. ‘ಸಾಕು, ನಿಲ್ರಿ’ ಅನ್ನೋ ಚೀಟಿ ಬಂದ್ರ ಓದೋದ್ರಾಗೇ ಹರದ ಒಗೀತಾರ. ಮತ್ತ ಕೆಲವರು ನಡುವ ಕತ್ತರಿಸಿ ಬ್ಯಾರೇನೇ ಜೋಡಸ್ತಾರ. ಉಮರ್ಗಾ ಹೋಗೋ ಗಾಡಿಗಿ ಉದಗೀರ ಬೋರ್ಡ.”

“ದೇವಣಿ ಚೀಟಿ ನಾ ಹಂಗೇ ಹರೀತಿದ್ದೆ,” ಎಂದು ಧ್ವನಿ ಇಳಿಸಿದರು, ಮರುಕ್ಷಣವೇ ಏರಿಸಿದರು. “ಆದ್ರೂ ಇಂಥವ್ರಿಗಿ ಸಸ್ಪೆಂಡ್ ಮಾಡ್ಬೇಕು!”

“ಯಾರ್ಯಾರು ಅಂತ ಹುಡಕಲಿಕ್ಕೇ ಚೂರು ಬೇಕಾಗ್ಯದ.”

“ಸಿಕ್ರ ನನಗ ಗುಣ ಆಗ್ತದ?”

“ಇಲ್ಲ ಕಾಕಾ. ನಿಮಗ ಇದರಿಂದ ಏನೂ ಉಪಯೋಗಿಲ್ಲ. ಮುಂದೊಂದಿನ, ಯಾರಿಗಿ ರೋಗ ತಿರಗಿ ಬರ್ತದ ಅಂತ ಮೊದಲೇ ತಿಳೀಬಹುದು. ತಿಳೀಬಹುದು ಅಂತೀನಿ, ತಿಳೀತದ ಅಂತಲ್ಲ.”

ಮಾಣಿಕಪ್ಪನವರು ದೀರ್ಘವಾಗಿ ಯೋಚಿಸಿ, ತಮ್ಮ ಹೆಸರು, ಊರು ಸ್ಪಷ್ಟವಾಗಿ ಬರೆಯುವುದಾದರೆ ಕೊಡುತ್ತೇನೆಂದರು. ಚೂರಿನ ಮೇಲೆ ಹೆಸರು ಹಾಕುವುದಿಲ್ಲ, ಒಂದು ಅಂಕಿ ಮಾತ್ರ ಹಾಕುತ್ತಾರೆ ಎಂದು ಮೀನಲ ಹೇಳಿದಳು. ಕ್ಯಾನ್ಸರಿನ ಸುದ್ದಿಗೆ ಬಾಡದ ಮುಖ ಆಗ ಬಾಡಿತು. ಒಂದು ಇಡೀ ಜಿಲ್ಲೆಯ ಬಸ್ಸುಗಳ ಹೆಸರು ಕೂಗಿದವನು ಕೊನೆಗೆ ಅಂಕಿಯ ಪಾಲಾಗಬೇಕಾಯಿತು. ಆದರೂ ಸಹಿ ಹಾಕಿದರು, ಪೂರ್ಣ ಹೆಸರಿನೊಂದಿಗೆ, ದಪ್ಪ ಅಕ್ಷರದಲ್ಲಿ.

ಅನಂತರ ನಡೆದದ್ದು ಇಷ್ಟು. ೨೦೧೯ನೆಯ ಇಸವಿ ಮಾರ್ಚ್ ಹದಿಮೂರು, ಬುಧವಾರ, ಗಂಟನ್ನು ಮೂತ್ರದ ದಾರಿಯಿಂದಲೇ ಕೆರೆದು ತೆಗೆಯಲಾಯಿತು. ಮಾರ್ಚ್ ಇಪ್ಪತ್ತೆರಡರ ವರದಿಯಂತೆ ರೋಗ ಉಗ್ರ ಜಾತಿಯದು. ಆದರೆ ಸ್ನಾಯುವಿನ ತುಣುಕಿನಲ್ಲಿ ಕಂಡುಬರಲಿಲ್ಲ. ಚೀಲ ಉಳಿಯಿತು. ಏಪ್ರಿಲ್ ಹತ್ತರಿಂದ ಮೇ ಹದಿನೈದರವರೆಗೆ ಪ್ರತಿ ಬುಧವಾರ, ಕ್ಷಯಕ್ಕೆ ಮಕ್ಕಳಿಗೆ ಹಾಕುವ ಬಿಸಿಜಿ ಲಸಿಕೆಯನ್ನೇ ಚೀಲದೊಳಗೆ ತುಂಬಿದರು. ಆ ಔಷಧದಿಂದ ಏಪ್ರಿಲ್ ಹನ್ನೊಂದರಂದು ಮಾಣಿಕಪ್ಪನವರಿಗೆ ಮೊದಲ ಬಾರಿಗೆ ಮೂತ್ರ ಉರಿಯಿತು. ಅದು ಬೇಸಿಗೆಯೇ ಆಗಿತ್ತು. ಬೀಡಿ ಬಿಟ್ಟರು. ಮೇ ಮೂವತ್ತೊಂದು, ಶುಕ್ರವಾರ, ನಿವೃತ್ತರಾದರು, ಫೇಟಾ ಕಟ್ಟಿಸಿಕೊಂಡರು. ೨೦೨೧ನೆಯ ಇಸವಿ ಫೆಬ್ರುವರಿಯ ತಪಾಸಣೆಯಲ್ಲಿ ಕಡಲೆಕಾಳಿನಷ್ಟು ಗಂಟು ಮತ್ತೆ ಕಂಡಿತು, ತೆಗೆದರು. ಅನಂತರ ಬಂದಿಲ್ಲ. ಮೀನಲಳ ಪ್ರಬಂಧ ೨೦೨೨ರಲ್ಲಿ ಅಚ್ಚಾಯಿತು. ಮಾಣಿಕಪ್ಪನವರ ಚೂರು ಅದರಲ್ಲಿ ನಲವತ್ತೇಳನೆಯದು. ಪ್ರಯಾಗಬಾಯಿ ಆ ಮಾರ್ಚ್ ಆರರಂದೇ ಮಧ್ಯಾಹ್ನದ ಲೋಹಾರಾ ಬಸ್ಸಿನಲ್ಲಿ ಊರಿಗೆ ಹೋದರು. ಮೈಕಿನ ಕೆಂಪು ದೀಪದ ಮೇಲೆ ಈಗ ಏನನ್ನೂ ಇಡುವುದಿಲ್ಲ.